ಇಗರ್ಜಿಯ ಗೋಡೆ

ಐವತ್ತೆಂಟನೇ ಇಸವಿಯ ಬೇಸಗೆ. ಬೆಳ್ತಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸೆರಪಿನಾ ಬಾಯಿ, ತಮ್ಮ ಊರಿನ ಹಳೆಯ ಇಗರ್ಜಿಯನ್ನು ಅಗಲ ಮಾಡುತ್ತಿದ್ದ ಮೇಸ್ತ್ರಿ ಮುಂಡಪ್ಪನವರನ್ನು ಕೇಳುತ್ತಿದ್ದರು.

“ಮುಂಡಪ್ಪಣ್ಣ, ಹೊಸ ಗೋಡೆ ನನ್ನ ಮಗುವಿನ ಗೋರಿಯ ಮೇಲೆಯೇ ಬರ್ತದಂತಲ್ಲ?”

“ಇಲ್ಲ ಬಾಯಮ್ಮ. ಅಲ್ಲಿ ಗೋಡೆಯನ್ನು ಸ್ವಲ್ಪ ಒಳಗೆ ಬಾಗಿಸಿದ್ದೇನೆ. ಗೋರಿ ಹೊರಗೇ ಉಂಟು.”

“ಪಾದ್ರಿಗಳು ಬೈಲಿಲ್ಲವಾ?”

“ಮೊದಲು ಬೈದರು. ಕಾರಣ ಹೇಳಿದ ಮೇಲೆ ಸುಮ್ಮನಾದರು.”

“ಮೇಸ್ತ್ರಿಗೆ ಕಣ್ಣು ಸೊಟ್ಟ ಅಂತ ಜನ ನಗಾಡ್ತಾರೆ ಮಾರಾಯ್ರೆ!”

“ಹಳೆಯ ಗೋಡೆಯೂ ಎರಡು ಕಡೆ ಬಾಗಿ ಉಂಟಲ್ಲ. ಇನ್ನೂರು ವರ್ಷದಿಂದ ಯಾರು ನಗಾಡಿದ್ದಾರೆ?”

ಸೆರಪಿನಾ ಬಾಯಿ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟರು.

“ಹಾಗಾದರೆ ಅಲ್ಲಿಯೂ ಯಾರದ್ದಾದರೂ ಮಗು ಇರಬೇಕು,” ಎಂದರು.

ಬಸ್ಸು ಬಂತು. ಮುಂಡಪ್ಪನವರು ಬಾಯಮ್ಮನ ಬುಟ್ಟಿಯನ್ನು ಎತ್ತಿಕೊಂಡು, ಅವರನ್ನು ಮೊದಲು ಹತ್ತಿಸಿದರು.