ಯಾರೂ ಬರಬ್ಯಾಡ್ರಿ

"ಹಲೋ... ಹಾಂ, ಹೇಳ್ರಿ. ಯಾರ್ರಿ ಮಾತಾಡೋದು?"

ಮೇಜಿನ ಮೇಲಿನ ಫೋನು ಬೆಳಗಿನಿಂದ ಹೀಗೆಯೇ ಬಡಿದುಕೊಳ್ಳುತ್ತಿತ್ತು. ಶ್ರೀರಾಮನಗರದ ಕಾಲುವೆ ರಸ್ತೆಯಲ್ಲಿ, ಈಗ ಯಾರೂ ಭತ್ತ ತುಂಬದ ಗೋದಾಮಿನೊಳಗೆ, ಅಂಜಲಿ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಒಂದರ ಮೇಲೊಂದು ಒಟ್ಟಿ ಕೋಣೆಯೊಂದನ್ನು ಕಟ್ಟಿದ್ದಳು. ಒಬ್ಬರೇ ಒಳಗೆ ಹೋಗಬೇಕು, ಕಬ್ಬಿಣದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು. ಒಳಗೆ ಒಂದು ಮಣೆ, ಮಂಕು ದೀಪ, ಗಾಳಿ ತಳ್ಳುವ ಫ್ಯಾನು, ಒಂದು ಫೋನು. ಹೊಟ್ಟಿನ ಗೋಡೆ ಎಷ್ಟು ದಪ್ಪವೆಂದರೆ ಕೂಗಿದರೂ ಆಚೆಗೆ ಕೇಳದು. ಫೋನೆತ್ತಿದರೆ ಮಾತ್ರ ಹೊರಗೆ ಮೇಜಿನ ಬಳಿ ಕೂತ ಅಂಜಲಿಗೆ ಕೇಳುತ್ತದೆ. ಇದು ಒಳಹೊಕ್ಕು ನೋಡುವ ಕಲಾಕೃತಿ, ಪ್ರತಿಷ್ಠಾಪನಾ ಕಲೆ ಎಂದರೆ ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದಕ್ಕೇ ಅವಳು, "ಇದು ನನ್ನ ಕ್ವಾಣಿರಿ, ಒಳಗ ಕುಂತು ನೋಡ್ರಿ" ಎಂದಷ್ಟೇ ಹೇಳುತ್ತಿದ್ದಳು. ಗೋದಾಮಿನ ಮುಂದೆ, ರಸ್ತೆಗೆ ಕಾಣುವಂತೆ ಬರೆಸಿದ್ದ ಹೆಸರು: ಯಾರೂ ಬರಬ್ಯಾಡ್ರಿ. ಹಾಗೆ ಬರೆದದ್ದಕ್ಕೇ ಜನ ಬರುತ್ತಿದ್ದರು. ಒಳಹೊಕ್ಕು, ಫೋನೆತ್ತಿ, ಹಲೋ ಹಲೋ ಎಂದು ನಕ್ಕು, ಬೆವರೊರೆಸಿಕೊಳ್ಳುತ್ತ ಹೊರಬರುತ್ತಿದ್ದರು.

ಈ ಸಲ ಆ ಕಡೆಯಿಂದ ನಗು ಬರಲಿಲ್ಲ. ಉಸಿರು ಮಾತ್ರ ಬಂತು.

"ಹಲೋ? ಹಸರು ಸೀರಿ ಉಟ್ಟ ಅಕ್ಕಾರಲ್ರಿ? ಮಧ್ಯಾಹ್ನ ಒಳಗ ಹೋದವರು? ಭಾಳ ಹೊತ್ತಾತ್ರಿ. ಅದಕ್ಕ ಕೇಳಾಕತ್ತೀನಿ. ಆರಾಮ ಅದೀರಲ್ರಿ?..."

"ಹಾಂ?... ಏನಂದ್ರಿ? ಬರಂಗಿಲ್ಲ? ಬರಂಗಿಲ್ಲ ಅಂದ್ರ..."

ಅಂಜಲಿ ಮೊದಲು ನಕ್ಕಳು. ಹೊರಗೆ ಬಿಸಿಲಿದೆ, ಒಳಗೆ ಫ್ಯಾನಿದೆ, ಇನ್ನೊಂದಿಷ್ಟು ಕೂರುತ್ತೇನೆ ಎನ್ನುತ್ತಾಳೆ ಎಂದುಕೊಂಡಳು. ಆಮೇಲೆ ಕೇಳಿದ ಮಾತಿಗೆ ಅವಳ ನಗು ಬಾಯಲ್ಲೇ ಒಣಗಿತು.

"ಚಿಲಕಾ ಹೊರಗಿಂದ ತಗಿಯಾಕ ಬರಂಗಿಲ್ರಿ. ಒಳಗಿಂದ ಅಷ್ಟ. ಯಾಕ ಕೇಳ್ತೀರಿ?... ಯಕ್ಕಾ, ಯಾಕ ಕೇಳ್ತೀರಿ ಅದನ್ನ?..."

ಅದೇ ಹೊತ್ತಿಗೆ ಕರೆಂಟು ಹೋಯಿತು. ಕೋಣೆಗೆ ಗಾಳಿ ತಳ್ಳುತ್ತಿದ್ದ ಫ್ಯಾನು ಗುರ್ ಎಂದು ನಿಧಾನವಾಗಿ ನಿಂತಿತು. ಬ್ಯಾಟರಿಯ ಮೇಲಿದ್ದ ಫೋನು ಮಾತ್ರ ಉಳಿಯಿತು. ಬೇಸಿಗೆಯ ಗೋದಾಮು ಕಾದ ಹಂಚಿನಂತಿತ್ತು. ಗಾಳಿಯಾಡದ ಹೊಟ್ಟಿನ ನಡುವೆ ಕೂತವಳು ಎಷ್ಟು ಹೊತ್ತು ತಡೆದಾಳು?

"ಯಕ್ಕಾ, ಫ್ಯಾನು ನಿಂತೈತಿ. ಒಳಗ ಧಗಿ ಏರ್ತೈತಿ. ಕೈಮುಗೀತೀನಿ, ಎದ್ದು ಚಿಲಕಾ ತಗೀರಿ. ಹೊರಗ ಬರ್ರಿ... ಇಲ್ಲಿ ನಾನೂ ವಾಚಮನ್ ಅಸ್ಲಮಣ್ಣನೂ ಬಿಟ್ರ ಯಾರೂ ಇಲ್ಲ. ಯಾರೂ ಏನೂ ಕೇಳಂಗಿಲ್ಲ..."

ಗೋದಾಮು ಕಾಯುವ ಅಸ್ಲಮ ಆಗಲೇ ಕುಡುಗೋಲು ಹಿಡಿದು ಬಂದಿದ್ದ. ಅಂಜಲಿ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಬ್ಯಾಡಣ್ಣ, ಚೀಲಾ ಕೊಯ್ಯಬ್ಯಾಡ. ಕೆಳಗಿಂದ ಒಂದು ಕೊಯ್ದ್ರ ಮ್ಯಾಲಿನ್ವೆಲ್ಲಾ ಆಕಿ ಮ್ಯಾಲೆ ಬೀಳ್ತಾವ. ಲೈನಮನ್‌ಗೆ ಫೋನ್ ಮಾಡು. ಮ್ಯಾಲಿಂದ ಚೀಲಾ ಇಳಸಾಕ ಹಮಾಲರನ್ನ ಕರಕೊಂಡು ಬಾ. ಓಡು..."

"ಹಲೋ... ಇಲ್ಲೇ ಅದೀನಿ. ಎಲ್ಲೂ ಹೋಗಿಲ್ರಿ. ನಿಮ್ಮ ಹೆಸರರ ಹೇಳ್ರಿ. ಹೆಸರು ಹೇಳಿದ್ರ ಏನಾಗ್ತೈತಿ?... ರೇಣುಕಾದೇವಿ? ಹಾಂ, ರೇಣುಕಕ್ಕ. ನಾ ಅಂಜಲಿ. ಮರಳಿ ಊರಿನವರು ನಾವು..."

"ಅಂಗನವಾಡಿ ಟೀಚರಾ? ಛಲೋ ಆತ್ಬಿಡ್ರಿ. ನಾನೂ ಸಾಲ್ಯಾಗ ಚಿತ್ರ ಕಲಸ್ತಿದ್ನಿ... ಏನು?... ಯಾವ ಕೂಸು?"

ಅಂಜಲಿ ಹಾಂ, ಹಾಂ ಎನ್ನುತ್ತ ಕೇಳಿದಳು. ರೇಣುಕಾದೇವಿ ಹೇಳುತ್ತ ಹೋದಳು. ಕಾಲುವೆ ದಂಡೆಯ ಊರು. ಅಂಗನವಾಡಿಯ ಬಾಗಿಲು ಅರ್ಧ ಮುರಿದಿತ್ತು. ಮಕ್ಕಳು ತತ್ತಿ ತಿನ್ನುವ ಫೋಟೊ ಮೇಲಿನವರಿಗೆ ಕಳಿಸಬೇಕಿತ್ತು. ನೆಟ್‌ವರ್ಕ್ ಸಿಗದೆ ಅವಳು ಮೊಬೈಲು ಎತ್ತಿ ಹಿಡಿದು ಮೂಲೆಯಿಂದ ಮೂಲೆಗೆ ತಿರುಗುತ್ತಿದ್ದಳು. ಆ ನಡುವೆ ಹಂಪವ್ವ ಎಂಬ ಕೂಲಿಯ ಹೆಣ್ಣುಮಗಳ ಒಂದೇ ಒಂದು ಕೂಸು ಬಾಗಿಲು ದಾಟಿತ್ತು. ಕಾಲುವೆಯ ತೂಬಿನ ಬಳಿ ಹೆಣವಾಗಿ ಸಿಕ್ಕಿತು. ಅವತ್ತಿನಿಂದ ಊರು ರೇಣುಕಾದೇವಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟಿತು. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ಗಂಡ ಪಕೀರಪ್ಪ ಉಣ್ಣುತ್ತಿದ್ದ, ಮಲಗುತ್ತಿದ್ದ, ಮುಖವೆತ್ತಿ ನೋಡುತ್ತಿರಲಿಲ್ಲ.

"ಹಾಂ... ಕೇಳಾಕತ್ತೀನ್ರಿ... ಅಳ್ರಿ, ಅತ್ತುಬಿಡ್ರಿ..."

"ಮತ್ತ ಇವತ್ತು ಇಲ್ಲಿಗೆ ಹೆಂಗ ಬಂದ್ರಿ? ಪೇಪರಿನ್ಯಾಗ ನೋಡಿ ಬಂದ್ರ್ಯಾ?... ಅಲ್ಲಾ?... ಎಲ್ಲಿಗೆ ಹೊಂಟಿದ್ರಿ ಮತ್ತ?"

ರೇಣುಕಾದೇವಿ ಹೊರಟಿದ್ದು ಕಾಲುವೆಗೆ. ಕೂಸು ಹೋದಲ್ಲಿಗೇ ಹೋಗುವೆನೆಂದು ಬಸ್ಸಿಳಿದು ನಡೆದು ಬರುವಾಗ ರಸ್ತೆಯ ಪಕ್ಕ ಆ ಹೆಸರು ಕಂಡಿತ್ತಂತೆ. ಯಾರೂ ಬರದ ಜಾಗ ಇಲ್ಲೊಂದಿದೆಯಲ್ಲ, ಗಳಿಗೆ ಹೊತ್ತು ಕೂತು ಹೋದರಾಯಿತು ಎಂದು ಒಳಗೆ ಬಂದಿದ್ದಳು.

ಇಷ್ಟು ಹೊತ್ತು ಹೊರಗೆ ಬಾ ಎಂದು ಬೇಡಿಕೊಂಡವಳಿಗೆ ಈಗ ಆ ಮಾತೇ ನಾಲಗೆಯ ಮೇಲೆ ಬರಲೊಲ್ಲದು. ಹೊರಗೆ ಬಂದರೆ ಗೋದಾಮಿನ ಹಿಂದೆಯೇ ಕಾಲುವೆ ತುಂಬಿ ಹರಿಯುತ್ತಿದೆ. ಒಳಗಿದ್ದರೆ ಧಗೆ.

"ಇಲ್ಲ, ಇಲ್ರಿ, ಹೊರಗ ಬರಬ್ಯಾಡ್ರಿ. ನಾ ಅಂದದ್ದು ಬಿಡ್ರಿ. ಅಲ್ಲೇ ಕುಂದರ್ರಿ. ಚಿಲಕಾ ಅಷ್ಟ ತಗೀರಿ, ಜರಾ ಹವಾ ಬರ್ಲಿ. ನಾ ನಿಮ್ಮನ್ನ ಹೊರಗ ಎಳಿಯಂಗಿಲ್ಲ, ಆಣಿ ಮಾಡ್ತೀನಿ... ಒಲ್ಲೆ ಅನ್ನಬ್ಯಾಡ್ರಿ ಯಕ್ಕಾ... ಹಲೋ? ಮಾತಾಡ್ರಿ. ಸುಮ್ಕಾಗಬ್ಯಾಡ್ರಿ, ನನಗ ಹೆದರಿಕಿ ಆಗ್ತೈತಿ..."

"ಹಾಂ?... ನನಗೇನು ಗೊತ್ತೈತಿ ಅಂತೀರಾ? ಖರೇ. ನಿಮ್ಮಷ್ಟು ನನಗ ಗೊತ್ತಿಲ್ಲ. ಆದ್ರ ನಾನೂ ಹಿಂಗ ಕುಂತಿದ್ನಿರಿ. ಇದು ಸುಮ್ಮನ ಕಟ್ಟಿದ ಕ್ವಾಣಿ ಅಲ್ಲ. ಒಂದಿನ ಸಾಲಿಗೆ ಹೋಗೂ ಬಸ್ಸಿನ್ಯಾಗ ಎದಿ ಹಿಡಕೊಂಡಂಗಾತು. ಉಸಿರು ಸಿಗಲಿಲ್ಲ. ಮರದಿನ ಹೋಗ್ಲಿಲ್ಲ, ಆಮ್ಯಾಲೆ ಹೋಗ್ಲೇ ಇಲ್ಲ. ಮನಿ ಮ್ಯಾಲಿನ ಖೋಲ್ಯಾಗ ಬಾಗ್ಲಾ ಹಾಕ್ಕೊಂಡ್ನಿ. ಅವ್ವ ಹೊಸ್ತಿಲದಾಗ ತಾಟು ಇಟ್ಟು ಹೋಗಾಕಿ. ಯಾರರ ಬಂದ್ರ ಸಿಟ್ಟು, ಬರಲಿಲ್ಲಂದ್ರ ಅಳು..."

"ಹೆಂಗ ಹೊರಗ ಬಂದಿ ಅಂತೀರಾ?... ಸುಳ್ಳು ಹೇಳಂಗಿಲ್ರಿ. ಪೂರ್ತಿ ಬಂದಿಲ್ಲ ಇನ್ನೂ. ಒಂದಿನ ತಾಟು ಬರಲಿಲ್ಲ. ಕೆಳಗ ಅವ್ವಗ ಜ್ವರ ಬಂದಿತ್ತು. ತಾಟು ಯಾಕ ಬರಲಿಲ್ಲ ನೋಡೂಣಂತ ಇಳದ್ನಿ. ಅಷ್ಟ. ಅದರಾಗ ದೊಡ್ಡದೇನೂ ಇಲ್ಲ..."

ಆ ಕಡೆ ಉಸಿರು ಭಾರವಾಗತೊಡಗಿತ್ತು. ಅಸ್ಲಮ ಇನ್ನೂ ಬಂದಿರಲಿಲ್ಲ. ಅಂಜಲಿ ತಾನೇ ಕಟ್ಟಿದ ಗೋಡೆಯನ್ನು ನೋಡಿದಳು. ತನ್ನ ಭಯ ಇಷ್ಟು ದಪ್ಪ ಇತ್ತೆಂದು ಜನಕ್ಕೆ ತೋರಿಸಲು ಒಟ್ಟಿದ ಚೀಲಗಳು. ಈಗ ಅವನ್ನು ಹಲ್ಲಿನಿಂದ ಹರಿದುಹಾಕುವಷ್ಟು ಸಂಕಟವಾಯಿತು.

"ಯಕ್ಕಾ? ರೇಣುಕಕ್ಕಾ?... ಹಲೋ! ಏನದು, ಒಳಗ ಏನೋ ಹೊಡಕೊಳ್ಳಾಕತ್ತೈತಿ? ನಿಮ್ಮ ಮೊಬೈಲಾ?... ಯಾರದು ಫೋನು?..."

"ಹಂಪವ್ವಂದಾ? ಕೂಸಿನ ತಾಯಿ?... ದಿನಾ ಮಾಡ್ತಾಳಾ? ನೀವು ಎತ್ತೇ ಇಲ್ಲಾ? ಒಂದು ಸಲನೂ?..."

"ಬೈತಾಳ, ಹೌದು. ಬೈದ್ರ ಬೈಲಿ. ಶಾಪಾ ಹಾಕ್ತಾಳ, ಹಾಕ್ಲಿ. ಊರ ಮಂದಿಯೆಲ್ಲಾ ಬಾಯಿ ಮುಚ್ಚಿಕೊಂಡಾರ, ಆಕಿ ಒಬ್ಬಾಕಿ ನಿಮ್ಮನ್ನ ಕರಿಯಾಕತ್ಯಾಳ. ಎತ್ರಿ... ನನಗೂ ಗೊತ್ತಿಲ್ಲ ಏನಂತಾಳಂತ. ಎತ್ರಿ ಯಕ್ಕಾ. ಈ ಫೋನು ಇಡಬ್ಯಾಡ್ರಿ, ಮಗ್ಗಲದಾಗ ಇಟ್ಕೋರಿ. ನಿಮ್ಮ ಕಾಲಿಗೆ ಬೀಳ್ತೀನಿ, ಎತ್ರಿ..."

ರಿಂಗಣ ನಿಂತಿತು. ತಾನಾಗಿ ಕಡಿಯಿತೋ, ಅವಳೇ ಎತ್ತಿದಳೋ ತಿಳಿಯದೆ ಅಂಜಲಿ ಕಿವಿಗೆ ಫೋನು ಒತ್ತಿಕೊಂಡಳು. ಆಮೇಲೆ ಕೇಳಿತು, ದೂರದಿಂದ, ತಗಡಿನೊಳಗಿಂದ ಬಂದಂತೆ ಒಂದು ಹೆಣ್ಣುದನಿ. ಕೂಗುತ್ತಿತ್ತು. ಬೈಗುಳ ಒಂದರ ಮೇಲೊಂದು ಬಿದ್ದವು. ಬೈಯುತ್ತ ಬೈಯುತ್ತಲೇ ಆ ದನಿ ಒಡೆಯಿತು.

"ಯಕ್ಕಾ, ಏನಂತಾಳ?... ಹಾಂ? ಮಣ್ಣಿಗೂ ಬರಲಿಲ್ಲ ಅಂತಾಳಾ? ನನ್ನ ಕೂಸಿಗೆ ದಿನಾ ತಲಿ ಬಾಚಿ ಹೆಳಲು ಹಾಕ್ತಿದ್ದಿ, ಒಂದು ಹಿಡಿ ಮಣ್ಣು ಹಾಕಾಕ ಬರಲಿಲ್ಲ ಅಂತಾಳಾ?... ಖರೇನ ಕೇಳಾಕತ್ಯಾಳಲ್ರಿ. ಹೇಳ್ರಿ ಆಕಿಗೆ. ಹೆದರಿದ್ನಿ ಅಂತ ಹೇಳ್ರಿ..."

ಅಂಜಲಿಯ ಕೆನ್ನೆ ಒದ್ದೆಯಾಗಿತ್ತು. ಆ ಕಡೆ ಇಬ್ಬರೂ ಅಳುತ್ತಿದ್ದರು, ಒಬ್ಬಳು ಹೊಟ್ಟಿನ ಕೋಣೆಯಲ್ಲಿ, ಇನ್ನೊಬ್ಬಳು ಎಲ್ಲೋ ಯಾರದೋ ಗದ್ದೆಯ ಬದುವಿನಲ್ಲಿ. ಯಾರ ಅಳು ಯಾರದೆಂದು ಬಿಡಿಸಲಾಗಲಿಲ್ಲ.

"ಏನು?... ಎಲ್ಲಿ ಅದಿ ಅಂತ ಕೇಳಾಕತ್ಯಾಳಾ? ಹೇಳ್ರಿ, ಶ್ರೀರಾಮನಗರ, ಕಾಲುವಿ ರಸ್ತೆ, ಹಳಿ ಗೋದಾಮು ಅಂತ... ಬರ್ತಾಳಂತಾ? ಈಗ?... ಬೈಯಾಕ ಬರ್ತಾಳ, ಹೂಂ. ಬೈಯಾಕರ ಬರ್ಲಿ ಬಿಡ್ರಿ. ಆಕಿ ಬಂದಾಗ ನೀವು ಇರಬೇಕಲ್ರಿ ಬೈಸಿಕೊಳ್ಳಾಕ..."

"ಯಕ್ಕಾ, ಕೇಳ್ರಿ. ಕಾಲುವಿ ಕಡೆ ನಾ ಬಿಡಂಗಿಲ್ಲ. ಮನಿಗೆ ಹೋಗ್ರಿ ಅಂತನೂ ಅನ್ನಂಗಿಲ್ಲ. ಆಕಿ ಬರೂತನಕ ನಾವಿಬ್ರೂ ಅಲ್ಲೇ ಕುಂದ್ರೂಣು, ಬಾಗ್ಲಾ ತೆರಕೊಂಡು. ಒಂದು ತಂಬಿಗಿ ನೀರು ತರ್ತೀನಿ... ಹಾಂ?... ಬರಲ್ಯಾ ನಾನು? ಒಳಗ ಬರಲ್ಯಾ?..."

"ಹಲೋ?... ಯಕ್ಕಾ, ಬರಲ್ಯಾ?..."

ಸೀರೆಯ ಸರಬರ, ಮಣೆ ಉರುಳಿದ ಸದ್ದು, ಆಮೇಲೆ ಬರೀ ಉಸಿರು. ಬಿದ್ದಳೋ, ಎದ್ದಳೋ? ಅಂಜಲಿ ವೈರು ಬರುವಷ್ಟು ದೂರ ಕೋಣೆಯ ಬಾಗಿಲ ಕಡೆ ಸರಿದು ನಿಂತಳು.

"ರೇಣುಕಕ್ಕಾ! ಹಲೋ! ಹಲೋ..."

ಚಿಲಕ ಸರಿದು ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಅವಳ ಕಿವಿಯಲ್ಲೂ ಎದುರಿನ ಬಾಗಿಲಲ್ಲೂ ಒಟ್ಟಿಗೇ ಕೇಳಿಸಿತು, ಲೈನು ಕಡಿಯಿತು.