ನೊಣದ ಉಪವಾಸ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡ್ತೀನಿ ಅಂತ ಕಾಯ್ತಿದ್ದೀರಿ. ಇವತ್ತು ಶ್ರೀಮಂತನಿಗೆ ರಜ. ಇವತ್ತಿನ ಕಥೇಲಿರೋದು ಬಾಳೆಹಣ್ಣಿಗೆ ಮುತ್ತೋ ಸಣ್ಣ ನೊಣ, ಅದನ್ನ ಸಾಕಿದ ಕಾತ್ಯಾಯಿನಿ.

ಸಾಕೋದು ಅಂದ್ರೆ ಹಸು ಸಾಕಿದ ಹಾಗಲ್ಲ, ನೋಡಿ. ವಿಶ್ವವಿದ್ಯಾಲಯದ ಲ್ಯಾಬಲ್ಲಿ, ಗಾಜಿನ ಸೀಸೇಲಿ, ಬಾಯಿಗೆ ಹತ್ತಿ ತುರುಕಿ. ನೊಣದ ಜೀವಕೋಶದಲ್ಲೂ ನಮ್ಮ ಜೀವಕೋಶದಲ್ಲೂ ಲೈಸೋಸೋಮ್ ಅಂತ ಪುಟ್ಟ ಚೀಲ ಇದೆ. ನಾಲಿಗೆ ತಿರುಗದಿದ್ರೆ ಬಿಡಿ. ಒಳಗೆ ಹಳೇದಾಗಿ, ಕೆಟ್ಟು ಬಿದ್ದಿರೋದನ್ನ ಜೀರ್ಣಿಸಿ, ಮತ್ತೆ ಬಳಸೋ ಹಾಗೆ ಮಾಡೋದು ಅದರ ಕೆಲಸ. ಹೊಟ್ಟೆ ತುಂಬಿದ್ರೆ ಜೀವಕೋಶ ಅದಕ್ಕೆ ಸ್ವಲ್ಪ ಸುಮ್ನಿರು ಅನ್ನುತ್ತೆ. ಹಸಿದ್ರೆ, ಹೂಂ ಶುರು ಮಾಡು ಅನ್ನುತ್ತೆ. ಊಟ ಬಂತೋ, ಮತ್ತೆ ತಡೆ. ಇಲ್ಲಾಂದ್ರೆ ಮನೆಯನ್ನೇ ತಿಂದುಬಿಡುತ್ತಲ್ಲ?

ಈ ಅಪ್ಪಣೆ ಹೊರಡೋದು ಎಲ್ಲಿಂದ ಅಂತ ಹುಡುಕೋದೇ ಕಾತ್ಯಾಯಿನಿಯ ಸಂಶೋಧನೆ. ನೊಣಗಳನ್ನ ಉಪವಾಸ ಕೆಡವಿದ್ಲು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಚೀಲಗಳು ಆರಾಮಾಗಿ ಮಲಗಿವೆ. ಮತ್ತೆ ಮಾಡಿದ್ಲು, ಮತ್ತೆ ಅದೇ. ಅವಳ ಗೈಡ್ ಸುಲೋಚನಾ ಮೇಡಂ, ಇನ್ನೊಂದು ಸಲ ಹೀಗಾದ್ರೆ ಈ ವಿಷಯ ಬಿಟ್ಟು ಬೇರೆ ಹಿಡಿ ಅಂದ್ರು. ಇಷ್ಟು ವರ್ಷದ ದುಡಿಮೆ, ಬಾಯಿ ತೆಗೆದ ಸೀಸೆಯ ನೊಣದ ಹಾಗೆ ಹಾರಿಹೋಗುತ್ತಲ್ಲ ಅಂತ ಹೆದರಿ, ಅವಳು ಮತ್ತೆ ಸೀಸೆ ಜೋಡಿಸೋಕೆ ಕೂತ್ಲು.

ಮೇಡಂ ಪಕ್ಕದಲ್ಲೇ ನಿಂತು, ಉಪವಾಸದ ಸೀಸೆಗೆ ಏನೇನು ಹಾಕ್ತೀಯ ಅಂತ ವಿಚಾರಿಸಿದ್ರು. ನೀರು, ಅದು ಗಟ್ಟಿಯಾಗೋಕೆ ಅಗರ್ ಪುಡಿ ಅಂದ್ಲು. ಆಮೇಲೆ ಕಾಲಿನ ಹೆಬ್ಬೆರಳು ನೋಡ್ತಾ, "ಒಂದು ಚಿಟಿಕೆ ಸಕ್ಕರೆ, ಮೇಡಂ. ಪಾಪ ಅನ್ನಿಸ್ತು."

"ಅಲ್ಲಮ್ಮಾ, ಇದು ಉಪವಾಸಾನಾ, ನೊಣದ ಸೀಮಂತಾನಾ? ನೀನು ಚಿಟಿಕೆ ಅಂದ್ಕೊಂಡೆ. ಅದರ ಜೀವಕೋಶ ಮನೇಲಿ ಊಟ ಇದೆ ಅಂದ್ಕೊಳ್ತು."

ಸಕ್ಕರೆ ಬಿಟ್ಟು ಮತ್ತೆ ಮಾಡಿದ್ಲು. ಮಲಗಿದ್ದ ಚೀಲಗಳೆಲ್ಲ ಎದ್ದು ಕೆಲಸಕ್ಕಿಳಿದಿದ್ವು. ಅವಳ ವಿಷಯ ಅವಳ ಕೈಲೇ ಉಳೀತು.

ನಗ್ತಿದ್ದೀರಾ? ನಗಿ, ನಗಿ. ಏಕಾದಶಿ ದಿನ ಅನ್ನ ಬಿಡ್ತೀರಿ, ಸಬ್ಬಕ್ಕಿ ವಡೆ ಯಾರು ಬಿಟ್ರು? ಹೋಗ್ಲಿ, ಹೊಟ್ಟೆ ವಿಚಾರ ನಿಮ್ಮ ಡಾಕ್ಟರಿಗೆ. ನಾನು ಕೇಳೋದು ಮನಸ್ಸಿನ ಮಾತು. ವಾರಗಿತ್ತಿ ಮೇಲಿನ ಸಿಟ್ಟು ಬಿಟ್ಟೆ ಅಂತೀರಿ. ಬಿಟ್ರಾ? ಪಕ್ಕದ್ಮನೆಯವರು ಅವಳ ಸುದ್ದಿ ತಂದ್ರೆ "ಹೌದಾ? ಆಮೇಲೆ?" ಅಂತೀರಲ್ಲ, ಆ "ಆಮೇಲೆ" ಅನ್ನೋ ಚಿಟಿಕೆ ಸಕ್ಕರೆ ಸಾಕು, ಸಿಟ್ಟು ಕರಗೋದೇ ಇಲ್ಲ. ಅಣ್ಣಂದಿರೇ, ನೀವು ಆ ಕಡೆ ನೋಡಬೇಡಿ, ಕಟ್ಟೆ ಮೇಲೆ ಕೂತು ದಾಯಾದಿ ಸುದ್ದಿ ಮೆಲ್ಲೋದು ನೀವೇ. ನಾಳೆಯಿಂದ ಆ ಹೆಸರು ಬಂದ್ರೆ "ಆಮೇಲೆ" ಅನ್ನಬೇಡಿ. ಬಂದವರಿಗೆ ಕಾಫಿ ಕೊಟ್ಟು, ಅವರ ಮಕ್ಕಳ ಪರೀಕ್ಷೆ ಹೇಗಾಯ್ತು ಅಂತ ಕೇಳಿ. ಮೊದಮೊದಲು ನಾಲಿಗೆ ಚಡಪಡಿಸುತ್ತೆ. ಚಡಪಡಿಸ್ಲಿ ಬಿಡಿ. ಒಳಗೆ ಯಾರೋ ಹಳೇ ಸಿಟ್ಟು ಗುಡಿಸೋಕೆ ಶುರು ಮಾಡಿದ್ದಾರೆ ಅಂತ ಅರ್ಥ.