ಎರಡು ಸಲ ತಟ್ಟಿದರೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ಆಂಟಾಪ್ ಹಿಲ್‌ನ ಭಾನುವಾರದ ಕನ್ನಡ ತರಗತಿಯ ವಸಂತಿ ಟೀಚರೇ, ಮುದ್ದು ಮಕ್ಕಳೇ, ಸಭಿಕರೇ,

ನಾನು ಮೋನಪ್ಪ. ಫೋರ್ಟ್ ಪೇಟೆಯಲ್ಲಿ ನನ್ನದೊಂದು ಹೋಟೆಲು. ಮಕ್ಕಳ ಮನಸ್ಸಿನ ಮೇಲೆ ಮನೆ, ಪರಿಸರಗಳ ಪ್ರಭಾವ ಎಂದು ನನಗೆ ವಿಷಯ ಕೊಟ್ಟಿದ್ದೀರಿ. ಇಡ್ಲಿ ಉಬ್ಬುವುದು ಹೇಗೆಂದು ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ. ಇದನ್ನು ಮಾತಾಡುವ ಯೋಗ್ಯತೆ ನನಗಿದೆಯೇ? ಹೋದ ತಿಂಗಳವರೆಗೆ ಇದೆಯೆಂದೇ ತಿಳಿದಿದ್ದೆ. ಮಗಳು ಯಕ್ಷಿತಾ ಆರನೆಯ ಕ್ಲಾಸು, ನೂರಕ್ಕೆ ತೊಂಬತ್ತು. ಇನ್ನೇನು ಬೇಕು?

ಹೋಟೆಲಿನಲ್ಲಿ ನನ್ನದೊಂದು ಪದ್ಧತಿ. ಗಲ್ಲಾದಲ್ಲಿ ಕೂತು ಕೀಲಿಕೈಯಿಂದ ಮೇಜು ತಟ್ಟುವುದು. ಒಂದು ಸಲ ತಟ್ಟಿದರೆ ನೀರು ಕೊಡಬೇಕು, ಎರಡು ಸಲ ತಟ್ಟಿದರೆ ಮೇಜು ಒರೆಸಬೇಕು. ಆ ಗದ್ದಲದಲ್ಲಿ ಹೆಸರು ಹಿಡಿದು ಕೂಗುವವರು ಯಾರು? ಮೇಜು ಒರೆಸುವ ಶರಣವ್ವ ಕಲಬುರಗಿ ಕಡೆಯವರು, ನನಗಿಂತ ಹಿರಿಯರು. ಹನ್ನೊಂದು ವರ್ಷ ಅವರನ್ನು ಕರೆದದ್ದು ಕೀಲಿಕೈಯಿಂದಲೇ. ರಜೆಯಲ್ಲಿ ಅವರ ಮೊಮ್ಮಗಳು ಮಹಾದೇವಿ ಅಡುಗೆಮನೆ ಬಾಗಿಲಲ್ಲಿ ಕೂರುತ್ತಿದ್ದಳು, ನನ್ನ ಯಕ್ಷಿತಾ ಗಲ್ಲಾದ ಪಕ್ಕ.

ಹೋದ ತಿಂಗಳು ಟೀಚರ್ ನನ್ನನ್ನು ಕರೆಸಿದರು. ಇದೇ ಸಭಾಂಗಣದಲ್ಲಿ ಮಕ್ಕಳು ಚಿತ್ರ ಬಿಡಿಸುವಾಗ ಯಕ್ಷಿತಾಳ ಬೆಂಚಿನ ಮೇಲೆ ಬಣ್ಣದ ನೀರು ಚೆಲ್ಲಿತಂತೆ. ಅವಳು ಪೆನ್ಸಿಲಿನಿಂದ ಬೆಂಚನ್ನು ಎರಡು ಸಲ ತಟ್ಟಿದಳು. ಅದೇ ತರಗತಿಯಲ್ಲಿ ಕಲಿಯುವ ಮಹಾದೇವಿ ಹಿಂದಿನ ಸಾಲಿನಿಂದ ಎದ್ದು ಬಂದು, ತನ್ನ ಕರವಸ್ತ್ರದಿಂದ ಒರೆಸಿ, ಹೋಗಿ ಕೂತಳು.

ನನ್ನ ಮಗಳಿಗೆ ತಟ್ಟಲು ಕಲಿಸಿದವರು ಯಾರು? ಆ ಮಗುವಿಗೆ ಏಳಲು ಕಲಿಸಿದವರು ಯಾರು? ಸಭಿಕರೇ, ಇಬ್ಬರಿಗೂ ಮೇಷ್ಟ್ರು ನಾನೇ.

ಮನೆಗೆ ಬಂದು, "ಅವಳಿಗೆ ಸಾರಿ ಹೇಳು" ಎಂದು ಗದರಿದೆ. ಯಕ್ಷಿತಾ ಅಳುತ್ತಲೇ, "ಪಪ್ಪಾ, ನೀವು ರೋಜ್ ಮಾಡ್ತೀರಲ್ಲ? ನೀವು ಸಾರಿ ಬೋಲೇ ಕ್ಯಾ, ಹೇಳಿದ್ರಾ?" ಎಂದಳು.

ನಾಚಿಕೆಯಾಯಿತು, ಈಗಲೂ ಆಗುತ್ತಿದೆ. ಆದರೂ ಮರುದಿನ ಶರಣವ್ವನವರಲ್ಲಿ ಕ್ಷಮೆ ಕೇಳಲಿಲ್ಲ. ಧಣಿಯಲ್ಲವೇ ನಾನು? ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡೆ, ಅಷ್ಟೆ.

ಈಗಲೂ ನೋಡಿ, ಮೊದಲಿಗೆ ಅಷ್ಟು ಜನರನ್ನು ಸಂಬೋಧಿಸಿದೆ, ಒಬ್ಬರನ್ನು ಬಿಟ್ಟೆ. ಮೊಮ್ಮಗಳ ಕೈ ಹಿಡಿದು ಅಲ್ಲಿ ಬಾಗಿಲ ಬಳಿ ನಿಂತಿದ್ದಾರೆ. ಕುರ್ಚಿ ಖಾಲಿಯಿದೆ. ನಾನಿದ್ದೇನೆಂದು ಕೂತಿಲ್ಲ.

ಶರಣವ್ವನವರೇ, ನನ್ನಿಂದ ತಪ್ಪಾಯಿತು. ಮಹಾದೇವಿ, ನಿನ್ನಲ್ಲೂ ಕ್ಷಮೆ ಕೇಳುತ್ತೇನೆ ಮಗು. ದಯವಿಟ್ಟು ಕೂತುಕೊಳ್ಳಿ. ನೀವು ಕೂತ ಮೇಲೆಯೇ ನಾನು ಕೂರುವುದು.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಧನ್ಯವಾದ. ಶರಣವ್ವನವರೇ, ನಮಸ್ಕಾರ.